ಚುಕ್ಕಾಣಿಗೆ ಕೂತ ಹುಡುಗ

ಕ್ರಿ.ಶ. 814ರಲ್ಲಿ ರಾಷ್ಟ್ರಕೂಟರ ಮೂರನೆಯ ಗೋವಿಂದ ತೀರಿಕೊಂಡ. ಉತ್ತರದಲ್ಲಿ ಕನೌಜಿನ ಅರಸನನ್ನು ಬಗ್ಗಿಸಿ, ದಕ್ಷಿಣದಲ್ಲಿ ಕಂಚಿಯವರೆಗೆ ದಂಡು ಒಯ್ದಿದ್ದ ಗಟ್ಟಿ ಆಳು. ಅವನ ಜಾಗಕ್ಕೆ ಬಂದ ಮಗನಿಗೆ ಇನ್ನೂ ಮೀಸೆ ಮೊಳೆತಿರಲಿಲ್ಲ. ವಯಸ್ಸು 14ರ ಆಸುಪಾಸು, ಹೆಸರು ಶರ್ವ. ಕೆಲವೇ ವರ್ಷಗಳಲ್ಲಿ ಸಾಮಂತರು ತಿರುಗಿಬಿದ್ದರು, ಮಂತ್ರಿಗಳು ಕೈಕೊಟ್ಟರು, ಬಳಗದವರೇ ಎದುರು ನಿಂತರು. ಹುಡುಗನ ಕೈಯಿಂದ ಗದ್ದುಗೆ ಜಾರಿತು.

ಈ ಹುಡುಗನನ್ನೇ ನಾವು ಅಮೋಘವರ್ಷ ಎಂದು, ನೃಪತುಂಗ ಎಂದು ಬಲ್ಲೆವು. ಆದರೆ ನಮ್ಮ ಕಣ್ಣಿಗೆ ಕಟ್ಟುವ ನೃಪತುಂಗ ನಡುವಯಸ್ಸು ದಾಟಿದ ದೊರೆ. ಪಕ್ಕದಲ್ಲಿ ಓಲೆಗರಿ ಹಿಡಿದ ಕವಿ, ಎದುರಿಗೆ ತಲೆಬಾಗಿದ ಸಭೆ. ಬೆಂಗಳೂರಿನ ನೃಪತುಂಗ ರಸ್ತೆಯಲ್ಲಿ ಬಸ್ಸಿಗೆ ಕಾಯುವವರಿಗೆ, ಮಂದಿಗೆ ಬೇಡವಾಗಿದ್ದ ಒಬ್ಬ ಪೋರನ ನೆನಪು ಬರುವುದು ಕಷ್ಟ. ಕಲಬುರಗಿ ಜಿಲ್ಲೆಯ ಸೇಡಂ ತಾಲೂಕಿನ ಮಳಖೇಡಕ್ಕೆ ಹೋಗಿ ಕಾಗಿಣಾ ದಂಡೆಯ ಕೋಟೆಗೋಡೆಯ ಮೇಲೆ ನಿಂತರೂ ಅಷ್ಟೇ. ಅಲ್ಲಿ ದೊಡ್ಡ ಸಾಮ್ರಾಜ್ಯದ ಮಾತು ಬರುತ್ತದೆ, ಹುಡುಗನ ಮಾತು ಬರುವುದಿಲ್ಲ.

ಹೀಗೆ ಮಂದಿಯ ಕಣ್ಣಿಗೆ ಮುಳ್ಳಾದ ಹುಡುಗನೊಬ್ಬ ಟೀವಿಯಲ್ಲೂ ಇದ್ದ. 1987ರ ಸೆಪ್ಟೆಂಬರಿನಲ್ಲಿ ಅಮೆರಿಕದಲ್ಲಿ ‘ಸ್ಟಾರ್ ಟ್ರೆಕ್: ದಿ ನೆಕ್ಸ್ಟ್ ಜನರೇಶನ್’ ಎಂಬ ಧಾರಾವಾಹಿ ಶುರುವಾಯಿತು. ನಕ್ಷತ್ರದಿಂದ ನಕ್ಷತ್ರಕ್ಕೆ ಹಾರುವ ಹಡಗು, ಅದಕ್ಕೆ ಪಿಕಾರ್ಡ್ ಎಂಬ ಬೋಳುತಲೆಯ ಕಟ್ಟುನಿಟ್ಟಿನ ಕ್ಯಾಪ್ಟನ್, ಹಡಗಿನ ವೈದ್ಯೆಯ ಮಗ ವೆಸ್ಲಿ ಕ್ರಷರ್. ವೆಸ್ಲಿಯಾಗಿ ನಟಿಸಿದ ವಿಲ್ ವೀಟನ್‌ಗೆ ಆಗ 15 ವರ್ಷ. ಮೊದಲ ಕಂತಿನಲ್ಲೇ ಹುಡುಗ ಕ್ಯಾಪ್ಟನ್ನನ ಕುರ್ಚಿಯ ಮೇಲೆ ಕೂತು ಗುಂಡಿ ಮುಟ್ಟಿ ಬೈಸಿಕೊಳ್ಳುತ್ತಾನೆ. ಕೆಲವು ಕಂತುಗಳಾದ ಮೇಲೆ ಅದೇ ಕ್ಯಾಪ್ಟನ್ ಅವನಿಗೆ ಹಂಗಾಮಿ ಅಧಿಕಾರಿಯ ಪಟ್ಟ ಕೊಟ್ಟು ಚುಕ್ಕಾಣಿಗೆ ಕೂರಿಸುತ್ತಾನೆ. ಅಲ್ಲಿಗೆ ನೋಡುಗರ ಸಿಟ್ಟು ನೆತ್ತಿಗೇರಿತು. ಅಷ್ಟೊಂದು ಪಳಗಿದ ಅಧಿಕಾರಿಗಳಿರುವ ಹಡಗನ್ನು ಈ ಚೋಟುದ್ದದವನು ಮತ್ತೆ ಮತ್ತೆ ಉಳಿಸುವುದೆಂದರೇನು? ಧಾರಾವಾಹಿ ಹುಟ್ಟಿಸಿದ ಜೀನ್ ರಾಡನ್‌ಬೆರಿಯ ನಡುಹೆಸರೂ ವೆಸ್ಲಿಯೇ. ತನ್ನ ಚಿಕ್ಕಂದಿನ ಕನಸನ್ನೇ ಮುದುಕ ಪರದೆಗೆ ತಂದಿದ್ದಾನೆ ಎಂದು ಜನ ನಕ್ಕರು. 1990ರ ಹೊತ್ತಿಗೆ ವೀಟನ್ ಕಾಯಂ ತಂಡ ಬಿಟ್ಟು ಹೊರಬಂದ.

ಇದೆಲ್ಲ ಕಲಬುರಗಿ ಸೀಮೆಗೆ ದೂರದ ಮಾತು ಅನ್ನಿಸಬಹುದು. ಆದರೆ ಆಕಾಶಕ್ಕೂ ಟೀವಿಗೂ ಗಂಟು ಬಿದ್ದದ್ದನ್ನು ಈ ಜಿಲ್ಲೆ ಬೆಂಗಳೂರಿಗಿಂತ ಮೊದಲೇ ಕಂಡಿದೆ. 1975ರ ಆಗಸ್ಟ್ 1ರಂದು ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟೀವಿ ಕಾರ್ಯಕ್ರಮ ಬರತೊಡಗಿದಾಗ, ಕರ್ನಾಟಕದಿಂದ ಆಯ್ದದ್ದು ಗುಲ್ಬರ್ಗಾ (ಈಗಿನ ಕಲಬುರಗಿ), ರಾಯಚೂರು, ಬಿಜಾಪುರ ಜಿಲ್ಲೆಗಳನ್ನು. ‘ಸೈಟ್’ ಎಂಬ ಆ ಪ್ರಯೋಗ ಒಂದು ವರ್ಷ ನಡೆಯಿತು. ಬೆಳಗಿನ ಕಾರ್ಯಕ್ರಮ ಶಾಲೆಯ ಮಕ್ಕಳದು, ಸಂಜೆಯದು ಊರ ಮಂದಿಯದು. ಬೆಂಗಳೂರಿನಲ್ಲಿ ದೂರದರ್ಶನ ಶುರುವಾದದ್ದು 1981ರ ನವೆಂಬರಿನಲ್ಲಿ. ಅಂದರೆ ಈ ಬಿಸಿಲುನಾಡಿನ ಪಡಸಾಲೆಯ ಮಕ್ಕಳು ಬಾಹ್ಯಾಕಾಶದಿಂದ ಇಳಿದುಬಂದ ಚಿತ್ರವನ್ನು ರಾಜಧಾನಿಯ ಮಕ್ಕಳಿಗಿಂತ ಆರು ವರ್ಷ ಮೊದಲು ನೋಡಿದರು. ಉಪಗ್ರಹದಿಂದ ಪ್ರಸಾರ ಸಾಧ್ಯ ಎಂದು 1945ರಷ್ಟು ಹಿಂದೆಯೇ ಬರೆದಿದ್ದ ಆರ್ಥರ್ ಕ್ಲಾರ್ಕ್ ಕೊಲಂಬೊದಲ್ಲಿದ್ದ. ಅವನ ಮನೆಗೂ ಭಾರತದ ವಿಜ್ಞಾನಿಗಳು ಅದೇ ಕಾರ್ಯಕ್ರಮ ಹಿಡಿಯುವ ಒಂದು ದೊಡ್ಡ ಆಂಟೆನಾ ನಿಲ್ಲಿಸಿಕೊಟ್ಟಿದ್ದರು.

ಮಳಖೇಡಕ್ಕೆ ಬರೋಣ. ವಾಡಿ ಜಂಕ್ಷನ್ನಿನಲ್ಲಿ ಮುಂಬೈ–ಚೆನ್ನೈ ದಾರಿಯಿಂದ ಕವಲೊಡೆದು ಸಿಕಂದರಾಬಾದಿನ ಕಡೆ ಹೊರಡುವ ಹಳಿ 1874ರಲ್ಲಿ ನಿಜಾಮರ ಕಾಲದಲ್ಲಿ ಬಿದ್ದದ್ದು. ಚಿತ್ತಾಪುರ ದಾಟಿದ ಮೇಲೆ ಮಳಖೇಡ ರೋಡ್, ಆಮೇಲೆ ಸೇಡಂ. ಎರಡೂ ಕಡೆ ಸುಣ್ಣಕಲ್ಲಿನ ಗಣಿ, ಸಿಮೆಂಟ್ ಕಾರ್ಖಾನೆಯ ಚಿಮಣಿ, ನಡುವೆ ತೊಗರಿ ಹೊಲ. ಚಿಂಚೋಳಿ ಕಡೆಯಿಂದ ಇಳಿದುಬರುವ ಮುಲ್ಲಾಮಾರಿಯನ್ನು ಕೂಡಿಸಿಕೊಂಡ ಕಾಗಿಣಾ ಮಳಖೇಡದ ಮಗ್ಗುಲಲ್ಲಿ ಹರಿದು, ಶಹಾಬಾದ ಹತ್ತಿರದ ಹೊನಗುಂಟಾದಲ್ಲಿ ಭೀಮೆಗೆ ಸೇರುತ್ತದೆ. ಮನೆಮನೆಯ ನೆಲಕ್ಕೆ ಹಾಸುವ ಶಹಾಬಾದ ಕಲ್ಲು ಇದೇ ನೆಲದ್ದು. ಇಂದು ಬರಿಯ ಹಳ್ಳಿಯಾಗಿರುವ ಮಳಖೇಡ ಒಂದು ಕಾಲಕ್ಕೆ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಅರಬರ ಬಾಯಲ್ಲಿ ಮಾನ್ಕೀರ್. 851ರ ಹೊತ್ತಿನ ಅರಬ್ ಬರಹವೊಂದು ಜಗತ್ತಿನ ನಾಲ್ಕು ದೊಡ್ಡ ಅರಸರನ್ನು ಎಣಿಸುತ್ತದೆ: ಬಾಗ್ದಾದಿನ ಖಲೀಫ, ಚೀನದ ಚಕ್ರವರ್ತಿ, ರೂಮಿನ ದೊರೆ, ಮತ್ತೆ ಬಲ್ಹರಾ. ಬಲ್ಹರಾ ಎಂದರೆ ವಲ್ಲಭರಾಜ, ರಾಷ್ಟ್ರಕೂಟರ ಬಿರುದು. ಆಗ ಗದ್ದುಗೆಯಲ್ಲಿ ಇದ್ದವನು ನಮ್ಮ ಹುಡುಗನೇ. ಅಷ್ಟರೊಳಗೆ ಅವನಿಗೆ ಐವತ್ತು ದಾಟಿತ್ತು.

ಗದ್ದುಗೆ ಜಾರಿದ ಮೇಲೆ ಅದು ಮರಳಿ ಕೈಗೆ ಬಂದದ್ದು ಹೇಗೆ? ಗುಜರಾತಿನ ಲಾಟ ಸೀಮೆಯನ್ನು ಆಳುತ್ತಿದ್ದ ಕರ್ಕ ಸುವರ್ಣವರ್ಷ ಅವನ ಚಿಕ್ಕಪ್ಪನ ಮಗ. ವಯಸ್ಸಿನಲ್ಲಿ ಹಿರಿಯ, ಯುದ್ಧದಲ್ಲಿ ಪಳಗಿದವನು. ದಂಗೆ ಎದ್ದವರನ್ನು ಅವನು ಅಡಗಿಸಿ ಹುಡುಗನನ್ನು ಮತ್ತೆ ಗದ್ದುಗೆಗೆ ಕೂರಿಸಿದ. 821ರ ಸೂರತ್ ತಾಮ್ರಪಟ ಈ ಉಪಕಾರವನ್ನು ಕರ್ಕನ ಲೆಕ್ಕಕ್ಕೆ ಬರೆದಿದೆ. ಕರ್ಕ ಮನಸ್ಸು ಮಾಡಿದ್ದರೆ ತಾನೇ ಕೂತುಬಿಡಬಹುದಿತ್ತು. ನಮ್ಮ ಇತಿಹಾಸದಲ್ಲಿ ಹಾಗೆ ಕೂತ ಚಿಕ್ಕಪ್ಪ, ದೊಡ್ಡಪ್ಪ, ಅಣ್ಣಂದಿರಿಗೆ ಬರವಿಲ್ಲ. ಅವನು ಕೂರಲಿಲ್ಲ. ಬೈಯುತ್ತಲೇ ಬೆಳೆಸಿದ ಪಿಕಾರ್ಡ್‌ನ ಪಾತ್ರ ಇಲ್ಲಿ ಕರ್ಕನದು ಅನ್ನಬಹುದು. ಮುಂದೆ ಕರ್ಕನ ವಂಶದವರೊಡನೆ ಅಮೋಘವರ್ಷ ಬಹುಕಾಲ ಕಾದಾಡಬೇಕಾಗಿ ಬಂತು. ಅದು ಬೇರೆ ಮಾತು.

ಹುಡುಗನ ಮೇಲಿನ ದೂರು ಅಲ್ಲಿಗೆ ನಿಲ್ಲಲಿಲ್ಲ. ದಂಗೆಕೋರರು ಎಳೆಯವನೆಂದು ಮೂಗು ಮುರಿದರೆ, ಸಾವಿರ ವರ್ಷದ ಮೇಲೆ ಬಂದ ಇತಿಹಾಸಕಾರರಲ್ಲಿ ಕೆಲವರು ಮೆತ್ತಗಿನವನೆಂದು ಮೂಗು ಮುರಿದರು. ಅಪ್ಪ ಗಂಗೆಯ ಬಯಲಿಗೆ ಕುದುರೆ ಓಡಿಸಿದ, ಅಜ್ಜ ಧ್ರುವನೂ ಓಡಿಸಿದ, ಇವನು ಮಾನ್ಯಖೇಟದಲ್ಲಿ ಕೂತು ಜೈನ ಗುರು ಜಿನಸೇನಾಚಾರ್ಯರ ಪ್ರವಚನ ಕೇಳಿದ. ಗಂಗವಾಡಿ ಕೈಬಿಟ್ಟಿತು, ವೆಂಗಿಯ ಚಾಲುಕ್ಯರು ಸದಾ ಕಾಡಿದರು. ಹೀಗೆ ಲೆಕ್ಕ ಹಾಕಿ ಅವನನ್ನು ಅಪ್ಪನ ಪಕ್ಕ ನಿಲ್ಲಿಸಿ ಗಿಡ್ಡ ಮಾಡುವುದು ಸುಲಭ.

ಲೆಕ್ಕದ ಇನ್ನೊಂದು ಮಗ್ಗುಲೂ ಇದೆ. ಹದಿನಾಲ್ಕರಲ್ಲಿ ಗದ್ದುಗೆ ಏರಿ, ಹದಿನೆಂಟು ತುಂಬುವ ಹೊತ್ತಿಗೆ ಅದನ್ನು ಕಳೆದುಕೊಂಡು, ಮತ್ತೆ ಪಡೆದವನು 878ರವರೆಗೆ ಆಳಿದ. 64 ವರ್ಷ. ಗಂಗರೊಡನೆ ಯುದ್ಧ ಹರಿಯದಿದ್ದಾಗ ಮಗಳನ್ನು ಗಂಗರ ರಾಜಕುಮಾರ ಬೂತುಗನಿಗೆ ಕೊಟ್ಟು ಬೀಗತನ ಬೆಳೆಸಿದ. ದಂಡನಾಯಕ ಬಂಕೆಯನನ್ನು ನಂಬಿದ, ಬಂಕಾಪುರಕ್ಕೆ ಹೆಸರು ಬಂದದ್ದು ಆ ಬಂಕೆಯನಿಂದ. ಊರು ಕಟ್ಟಿದ, ಇಂದ್ರನ ಪಟ್ಟಣವನ್ನೂ ನಾಚಿಸುವಂತೆ ಕಟ್ಟಿದನೆಂದು ಶಾಸನ ಕೊಚ್ಚಿಕೊಳ್ಳುತ್ತದೆ. ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’ ಅವನನ್ನು ಹೊಗಳಿ ಶುರುವಾಗುತ್ತದೆ. ಕನ್ನಡದಲ್ಲಿ ನಮಗೆ ಸಿಕ್ಕಿರುವ ಮೊದಲ ಗ್ರಂಥ ‘ಕವಿರಾಜಮಾರ್ಗ’ ಅವನ ಆಸ್ಥಾನದ್ದು.

ಆ ಗ್ರಂಥದ ವಿಚಾರದಲ್ಲೂ ಅವನಿಗೆ ನೆಮ್ಮದಿ ಇಲ್ಲ. 1898ರಲ್ಲಿ ಕೆ.ಬಿ. ಪಾಠಕರು ಅಚ್ಚು ಹಾಕಿಸಿದಾಗ ಕರ್ತೃ ನೃಪತುಂಗ. ಮುಂದೆ ಪಂಡಿತರು ಸೋಸಿ ನೋಡಿ, ಬರೆದವನು ಶ್ರೀವಿಜಯ, ನೃಪತುಂಗನ ಸಮ್ಮತಿ ಮಾತ್ರ ಎಂದರು. ಪಂಡಿತರ ಮಾತು ಸರಿಯೇ ಇದೆ. ಆದರೂ ಒಂದು ಕನ್ನಡ ಲಕ್ಷಣಗ್ರಂಥಕ್ಕೆ ತನ್ನ ಹೆಸರಿನ ಮುದ್ರೆ ಒತ್ತಿದ ದೊರೆ, ಆ ಕಾಲದಲ್ಲಿ ಸಂಸ್ಕೃತಕ್ಕೋ ಪ್ರಾಕೃತಕ್ಕೋ ಒತ್ತಿ ಸುಮ್ಮನಿರಬಹುದಿತ್ತಲ್ಲ!

ಅವನ ಹೆಸರು ಕೆಡಿಸಿದವರಲ್ಲಿ ಹೊಗಳುಭಟ್ಟರ ಪಾಲೂ ಉಂಟು. 871ರ ಸಂಜಾನ್ ತಾಮ್ರಪಟದ ಪ್ರಕಾರ, ನಾಡಿಗೆ ಕೇಡು ಬಂದಾಗ ಅಮೋಘವರ್ಷ ತನ್ನ ಎಡಗೈ ಬೆರಳನ್ನು ಕತ್ತರಿಸಿ ಮಹಾಲಕ್ಷ್ಮಿಗೆ ಅರ್ಪಿಸಿದ. ಶಿಬಿ, ಜೀಮೂತವಾಹನರ ಸಾಲಿಗೆ ಅವನನ್ನು ಸೇರಿಸಿದ್ದಾರೆ. ನಡೆದದ್ದೇ ಇರಬಹುದು. ಆದರೆ ಎಷ್ಟು ಹೊಗಳಿದರೆ ಮನುಷ್ಯ ಮಾಯವಾಗುತ್ತಾನೋ ಅಷ್ಟು ಹೊಗಳಿದ್ದಾರೆ. ವೆಸ್ಲಿಗೆ ಆದದ್ದೂ ಇದೇ ಅನ್ಯಾಯ. ಅವನು ಜಾಣನಾಗಿ ಕಾಣಲೆಂದು ಸುತ್ತಲಿನ ಹಿರಿಯರನ್ನೆಲ್ಲ ಬರಹಗಾರರು ಪೆದ್ದರನ್ನಾಗಿ ಮಾಡಿದರು. ನೋಡುಗರ ಸಿಟ್ಟು ಬರೆದವರ ಕಡೆ ಹೋಗದೆ ಹುಡುಗನ ಬೆನ್ನಿಗೆ ಬಿತ್ತು. ಅವನನ್ನು ಬೈಯುವವರು 1992ರಲ್ಲಿ ಬಂದ ‘ದಿ ಫಸ್ಟ್ ಡ್ಯೂಟಿ’ ಎಂಬ ಕಂತನ್ನು ಒಮ್ಮೆ ನೋಡಬೇಕು. ತರಬೇತಿ ಶಾಲೆಯಲ್ಲಿ ನೌಕೆ ಹಾರಿಸುವ ಕಸರತ್ತಿನಲ್ಲಿ ಜೊತೆಗಾರನೊಬ್ಬ ಸಾಯುತ್ತಾನೆ. ಗೆಳೆಯರೆಲ್ಲ ಸುಳ್ಳು ಹೇಳಿ ಪಾರಾಗಲು ನೋಡುತ್ತಾರೆ, ವೆಸ್ಲಿಯೂ ಮೊದಲು ಸೇರುತ್ತಾನೆ. ಕೊನೆಗೆ ಪಿಕಾರ್ಡ್ ಗದರಿಸಿದ ಮೇಲೆ ತುಂಬಿದ ಸಭೆಯಲ್ಲಿ ಎದ್ದು ನಿಜ ಹೇಳಿ ಒಂದು ವರ್ಷದ ಓದನ್ನು ಕಳೆದುಕೊಳ್ಳುತ್ತಾನೆ. ತಪ್ಪು ಮಾಡಿದ ಹುಡುಗ ಅಂದು ಮನುಷ್ಯನಂತೆ ಕಂಡ.

ಮಂದಿ ತೀರ್ಪು ಕೊಟ್ಟಾದ ಮೇಲೆ ಕಡತ ಬಿಚ್ಚಿ ಮತ್ತೆ ವಾದಕ್ಕೆ ನಿಲ್ಲುವ ವಕೀಲಿ ಚಾಳಿ ಈ ಮಾನ್ಯಖೇಟಕ್ಕೆ ಹಳೆಯದು. ಅದರ ದೊಡ್ಡ ಸಾಕ್ಷಿ ಪುಷ್ಪದಂತ. ಕರ್ರಗೆ, ಬಡಕಲು ದೇಹದ ಈ ಅಪಭ್ರಂಶ ಕವಿ ಹಳೆಯ ಆಶ್ರಯದಲ್ಲಿ ಮಾನ ಕಳೆದುಕೊಂಡು ನಡೆದು ದಣಿದು ಮಾನ್ಯಖೇಟದ ಹೊರಗಿನ ತೋಪಿನಲ್ಲಿ ಬಿದ್ದಿದ್ದ. ಊರೊಳಗೆ ಬರಬಾರದೇಕೆ ಎಂದು ಕೇಳಿದವರಿಗೆ, ದುರುಳರ ಗಂಟುಮೋರೆ ನೋಡುವುದಕ್ಕಿಂತ ಗುಡ್ಡದಲ್ಲಿ ಸೊಪ್ಪು ತಿಂದು ಸಾಯುವುದೇ ಲೇಸು ಎಂಬ ಅರ್ಥದ ಮಾತು ಹೇಳಿದನಂತೆ. ತನಗೆ ತಾನೇ ‘ಅಭಿಮಾನಮೇರು’ ಎಂದು ಹೆಸರಿಟ್ಟುಕೊಂಡವನು, ಇನ್ನೇನು ಹೇಳಿಯಾನು! ಮೂರನೆಯ ಕೃಷ್ಣನ ಮಂತ್ರಿ ಭರತ ಅವನನ್ನು ಮನೆಗೆ ಕರೆದು ಇಟ್ಟುಕೊಂಡ. 959ರಲ್ಲಿ ಶುರು ಮಾಡಿದ ‘ಮಹಾಪುರಾಣ’ 102 ಸಂಧಿಗಳಾಗಿ 965ರಲ್ಲಿ ಮುಗಿಯಿತು.

ಅದರೊಳಗಿನ ರಾಮಕಥೆಯ ಬಾಗಿಲಲ್ಲೇ ಶ್ರೇಣಿಕರಾಜ ಜೈನ ಗುರು ಗೌತಮ ಗಣಧರನ ಮುಂದೆ ಸಂಶಯಗಳ ಕಂತೆ ಬಿಚ್ಚುತ್ತಾನೆ. ರಾವಣನಿಗೆ ನಿಜಕ್ಕೂ ಹತ್ತು ಬಾಯಿ, ಇಪ್ಪತ್ತು ಕಣ್ಣು ಇದ್ದವೇ? ಅವನು ರಾಕ್ಷಸನೋ ಮನುಷ್ಯನೋ? ಕುಂಭಕರ್ಣ ಆರು ತಿಂಗಳು ಮಲಗುತ್ತಿದ್ದನೇ? ವಾಲ್ಮೀಕಿ, ವ್ಯಾಸರ ಮಾತಿನಿಂದ ಜನ ದಾರಿ ತಪ್ಪಿದ್ದಾರೆ ಎಂಬುದು ಅಲ್ಲಿನ ವಾದ. ಆಮೇಲೆ ಬರುವ ಕತೆ, ಅಮೋಘವರ್ಷನ ಗುರು ಜಿನಸೇನನ ಶಿಷ್ಯ ಗುಣಭದ್ರ ‘ಉತ್ತರಪುರಾಣ’ದಲ್ಲಿ ಹೇಳಿದ ದಾರಿಯದು. ರಾವಣ ವಿದ್ಯಾಧರ ವಂಶದ ಮನುಷ್ಯ. ಸೀತೆ ಮಂಡೋದರಿಯ ಹೊಟ್ಟೆಯಲ್ಲೇ ಹುಟ್ಟಿದವಳು. ಅಪಶಕುನದ ಹೆದರಿಕೆಯಿಂದ ಪೆಟ್ಟಿಗೆಯಲ್ಲಿಟ್ಟು ಮಿಥಿಲೆಯ ನೆಲದಲ್ಲಿ ಹೂಳಿಸಲ್ಪಟ್ಟವಳು. ತನ್ನ ಮಗಳೆಂದು ಅರಿಯದೆ ರಾವಣ ಅವಳನ್ನು ಹೊತ್ತು ತರುತ್ತಾನೆ. ಅವನನ್ನು ಕೊಲ್ಲುವವನು ರಾಮನಲ್ಲ, ಲಕ್ಷ್ಮಣ. ಈ ಕವಿಗಳು ರಾವಣನನ್ನು ಬಿಡುಗಡೆ ಮಾಡಲಿಲ್ಲ. ತಪ್ಪಿಗೆ ಅವನು ಸಾಯುತ್ತಾನೆ, ನರಕಕ್ಕೂ ಹೋಗುತ್ತಾನೆ. ಹತ್ತು ತಲೆಯ ಆರೋಪವೊಂದನ್ನು ಮಾತ್ರ ಪಟ್ಟಿಯಿಂದ ಹೊಡೆದುಹಾಕಿದರು.

ಅದೇ ಪುಷ್ಪದಂತ 972ರಲ್ಲಿ ಪರಮಾರರ ಸೀಯಕ ಮಾನ್ಯಖೇಟವನ್ನು ಸೂರೆಮಾಡಿದ್ದನ್ನೂ ಕಂಡ. ಇನ್ನು ತಾನು ಎಲ್ಲಿರಬೇಕು ಎಂದು ಗೋಳಾಡಿದ. ಮರುವರ್ಷ ಚಾಲುಕ್ಯ ತೈಲಪನ ಕೈಯಲ್ಲಿ ರಾಷ್ಟ್ರಕೂಟರ ಆಳಿಕೆಯೇ ಮುಗಿಯಿತು.

ಎಳೆಯರ ಪರ ವಾದಿಸಿದ ನಿಜವಾದ ಕಾನೂನು ಪಂಡಿತನೂ ಇದೇ ಸೀಮೆಯವನು. ಶಹಾಬಾದ ಪಕ್ಕದ ಮರತೂರು ‘ಮಿತಾಕ್ಷರಾ’ ಬರೆದ ವಿಜ್ಞಾನೇಶ್ವರನ ಊರು ಎಂದು ಈ ಕಡೆಯವರು ಹೆಮ್ಮೆಪಡುತ್ತಾರೆ. ಅಲ್ಲಿನ ಶಾಸನದಲ್ಲೂ ಅವನ ಹೆಸರಿದೆ. ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಅವನು ಎತ್ತಿಹಿಡಿದ ವಾದ ಇಷ್ಟೇ: ಪಿತ್ರಾರ್ಜಿತ ಆಸ್ತಿಯಲ್ಲಿ ಮಗನ ಹಕ್ಕು ಅಪ್ಪ ಸತ್ತ ಮೇಲೆ ಹುಟ್ಟುವುದಲ್ಲ, ಮಗ ಹುಟ್ಟಿದ ಗಳಿಗೆಯಲ್ಲೇ ಹುಟ್ಟುತ್ತದೆ. ತೊಟ್ಟಿಲಲ್ಲಿ ಮಲಗಿದ ಕೂಸೂ ಅಪ್ಪನ ಸಮಕ್ಕೆ ಪಾಲುದಾರ. ಬಂಗಾಳದ ಕಡೆಯ ದಾಯಭಾಗ ಇದನ್ನು ಒಪ್ಪಲಿಲ್ಲ, ಉಳಿದ ಭಾರತದ ಬಹುಭಾಗ ಒಪ್ಪಿತು. 1810ರಲ್ಲಿ ಕೋಲ್‌ಬ್ರೂಕ್ ಇಂಗ್ಲಿಷಿಗೆ ತಂದ ಮೇಲೆ ಬ್ರಿಟಿಷ್ ನ್ಯಾಯಾಲಯಗಳೂ ಮಿತಾಕ್ಷರೆಯನ್ನು ಮುಂದಿಟ್ಟುಕೊಂಡೇ ತೀರ್ಪು ಕೊಟ್ಟವು. ಹೆಣ್ಣುಮಕ್ಕಳನ್ನು ಮಾತ್ರ ವಿಜ್ಞಾನೇಶ್ವರ ಈ ಹುಟ್ಟುಹಕ್ಕಿನ ಹೊರಗೇ ಬಿಟ್ಟ. ಕರ್ನಾಟಕದಲ್ಲಿ ಅವರಿಗೆ ಅದು ಸಿಕ್ಕದ್ದು 1994ರಲ್ಲಿ, ದೇಶಕ್ಕೆಲ್ಲ 2005ರಲ್ಲಿ.

ಇಷ್ಟೆಲ್ಲ ವಕೀಲರಿದ್ದ ನಾಡಿನಲ್ಲಿ ಒಬ್ಬ ಹುಡುಗನ ಪರವಾಗಿ ಮಾತ್ರ ಯಾರೂ ಏಳಲಿಲ್ಲ. ಅವನೂ ಚುಕ್ಕಾಣಿ ಹಿಡಿದವನೇ. ವಿರಾಟನ ಮಗ ಉತ್ತರಕುಮಾರ.

‘ಉತ್ತರನ ಪೌರುಷ ಒಲೆ ಮುಂದೆ’ ಎಂಬ ಗಾದೆ ಕೇಳದೆ ಬೆಳೆದ ಕನ್ನಡದ ಹುಡುಗ ಯಾರಿದ್ದಾನೆ? ಮಳೆ ಕೈಕೊಟ್ಟ ವರ್ಷ ಊರಲ್ಲಿ ವಿರಾಟಪರ್ವ ಓದಿಸುವ ರೂಢಿ ನಮ್ಮಲ್ಲಿದೆ. ಹಾಗಾಗಿ ಬರ ಬಂದಾಗಲೆಲ್ಲ ಉತ್ತರನಿಗೆ ಸಭೆಯಲ್ಲಿ ಮತ್ತೊಮ್ಮೆ ಅವಮಾನ. ಹೆಂಗಸರ ಮುಂದೆ ಜಂಬ ಕೊಚ್ಚಿದ, ಕೌರವರ ದಂಡು ಕಂಡು ರಥದಿಂದ ಧುಮುಕಿ ಓಡಿದ, ಬೃಹನ್ನಳೆ ಬೆನ್ನಟ್ಟಿ ಹಿಡಿದು ತಂದಳು. ಬಯಲಾಟದಲ್ಲಿ ಈ ಓಟಕ್ಕೆ ಬೀಳುವ ಶಿಳ್ಳೆ ಅರ್ಜುನನ ಬಾಣಕ್ಕೂ ಬೀಳುವುದಿಲ್ಲ.

ಆದರೆ ಓಡಿದವನು ಭೀಷ್ಮ, ದ್ರೋಣ, ಕರ್ಣ, ಕೃಪ, ಅಶ್ವತ್ಥಾಮ ಒಟ್ಟಿಗೆ ನಿಂತ ದಂಡನ್ನು ಕಂಡು ಓಡಿದ. ಅವನು ಇನ್ನೂ ಯುದ್ಧದಲ್ಲಿ ಪಳಗದ ಹುಡುಗ. ಪಕ್ಕದಲ್ಲಿದ್ದ ನಾಟ್ಯದ ಗುರು ಬೃಹನ್ನಳೆ ವೇಷ ಮರೆಸಿಕೊಂಡ ಅರ್ಜುನನೆಂದು ಅವನಿಗಿನ್ನೂ ಗೊತ್ತಿರಲಿಲ್ಲ. ನಮ್ಮಲ್ಲಿ ಎಷ್ಟು ಮಂದಿ ನಿಲ್ಲುತ್ತಿದ್ದರು? ಹಿಡಿದು ತಂದ ಮೇಲೆ ಅವನು ಬನ್ನಿಮರ ಹತ್ತಿ ಆಯುಧದ ಗಂಟು ಇಳಿಸಿಕೊಟ್ಟ. ಆಮೇಲೆ ಕುದುರೆಯ ಹಗ್ಗ ಹಿಡಿದು ಕೂತ. ಆ ದಿನ ಅರ್ಜುನ ಆರು ಮಹಾರಥರನ್ನು ಒಬ್ಬನೇ ಹಿಮ್ಮೆಟ್ಟಿಸಿದ ಎಂದು ಹೊಗಳುತ್ತೇವಲ್ಲ, ಆ ಬಾಣದ ಮಳೆಯ ನಡುವೆ ರಥವನ್ನು ಒಬ್ಬೊಬ್ಬರ ಎದುರಿಗೆ ತಿರುಗಿಸಿ ನಿಲ್ಲಿಸಿದವನು ಮುಂಜಾನೆ ಓಡಿಹೋಗಿದ್ದ ಅದೇ ಹುಡುಗ.

ಊರಿಗೆ ಬಂದಾಗ ಅಪ್ಪ ವಿರಾಟ ಮಗನೇ ಗೆದ್ದನೆಂದು ಬೀಗಿ ಕೂತಿದ್ದ. ಗೆದ್ದವಳು ಬೃಹನ್ನಳೆ ಇರಬೇಕು ಎಂದ ಕಂಕಭಟ್ಟನ, ಅಂದರೆ ವೇಷ ಮರೆಸಿಕೊಂಡ ಧರ್ಮರಾಯನ ಮುಖಕ್ಕೆ ಪಗಡೆಯ ದಾಳ ಬೀಸಿ ರಕ್ತ ಬರಿಸಿದ್ದ. ಮಗ ತಲೆಯಾಡಿಸಿ ಸುಮ್ಮನಿದ್ದರೆ ಕೀರ್ತಿಯೆಲ್ಲ ಅವನದೇ. ಅವನು ಮೊದಲು ಅಪ್ಪನಿಗೆ ಕಂಕನ ಕ್ಷಮೆ ಕೇಳಲು ಹೇಳಿದ. ಆಮೇಲೆ, ಗೆದ್ದದ್ದು ತಾನಲ್ಲ, ಯಾರೋ ದೇವಪುತ್ರ ಬಂದು ಗೆದ್ದುಕೊಟ್ಟ ಎಂದ. ಪಾಂಡವರ ಗುಟ್ಟನ್ನೂ ಕಾಪಾಡಿದ, ಇಲ್ಲದ ಕೀರ್ತಿಯನ್ನೂ ಹೊರಲಿಲ್ಲ. ಒಲೆ ಮುಂದಿನ ಪೌರುಷದವನು ಮಾಡುವ ಕೆಲಸವಲ್ಲ ಅದು.

ಕತೆಯ ಕೊನೆಯನ್ನು ಗಾದೆ ಪೂರ್ತಿ ನುಂಗಿಹಾಕಿದೆ. ಕುರುಕ್ಷೇತ್ರದ ಮೊದಲ ದಿನ ಉತ್ತರ ಆನೆ ಏರಿ ಮದ್ರರಾಜ ಶಲ್ಯನ ಎದುರಿಗೆ ನುಗ್ಗುತ್ತಾನೆ. ಅವನ ಆನೆ ಶಲ್ಯನ ರಥದ ನಾಲ್ಕೂ ಕುದುರೆಗಳನ್ನು ತುಳಿದು ಕೊಲ್ಲುತ್ತದೆ. ಕುದುರೆಯಿಲ್ಲದ ರಥದಿಂದಲೇ ಶಲ್ಯ ಎಸೆದ ಕಬ್ಬಿಣದ ಶಕ್ತ್ಯಾಯುಧ ಅವನ ಕವಚ ಸೀಳುತ್ತದೆ. ಹದಿನೆಂಟು ದಿನದ ಯುದ್ಧದಲ್ಲಿ ಪಾಂಡವರ ಕಡೆ ಮೊಟ್ಟಮೊದಲು ಬಿದ್ದ ದೊಡ್ಡ ಮನೆತನದ ವೀರರಲ್ಲಿ ಅವನೊಬ್ಬ. ಈ ಸಲ ಓಡಲಿಲ್ಲ.

ಸೇಡಂ, ಚಿಂಚೋಳಿ, ಚಿತ್ತಾಪುರದ ಕಡೆಯ ಊರುಗಳಲ್ಲಿ ಮುಂದೆಂದಾದರೂ ಮಳೆಗಾಗಿ ವಿರಾಟಪರ್ವ ಓದಿಸುವವರಲ್ಲಿ ಒಂದು ವಿನಂತಿ: ಮಂಗಳಾರತಿಗೆ ಮೊದಲು ಭೀಷ್ಮಪರ್ವದ ಮೊದಲ ದಿನದ ಕತೆಯನ್ನೂ ಒಂದು ತಾಸು ಓದಿಸಿ.